ಅದೇ ದನಿ, ಅದೇ ಚಾಂಟ್: ‘ಸೈಲೆನ್ಸ್’ ರೀಮಿಕ್ಸ್‌ಗಳನ್ನು ಹೋಲಿಸುವುದು ಹೇಗೆ?

ಪ್ರಶ್ನೆ: ಡೆಲೀರಿಯಂ ತಂಡದ ‘ಸೈಲೆನ್ಸ್’ ನನಗೆ ತುಂಬಾ ಇಷ್ಟದ ಹಾಡು. ಆಲ್ಬಂನಲ್ಲಿರುವ ಮೂಲ ಹಾಡು, ಡಿಜೆ ಟಿಯೆಸ್ಟೊ ರೀಮಿಕ್ಸ್, ಏರ್‌ಸ್ಕೇಪ್ ರೀಮಿಕ್ಸ್, 2004ರ ಅಬವ್ ಅಂಡ್ ಬಿಯಾಂಡ್ ರೀಮಿಕ್ಸ್ ನಾಲ್ಕನ್ನೂ ಕೇಳಿದ್ದೇನೆ. ಟಿಯೆಸ್ಟೊ ಮಾಡಿದ್ದೇ ನಿಜವಾದ ‘ಸೈಲೆನ್ಸ್’ ಅಂತ ನನ್ನ ಗೆಳೆಯ ವಾದ ಮಾಡುತ್ತಾನೆ. ನನಗೂ ಅದರಲ್ಲಿ ಜೋಶ್ ಕಾಣುತ್ತದೆ, ಆದರೆ ಮೂಲದಲ್ಲಿದ್ದ ಏನೋ ಒಂದು ಕಾಣೆಯಾಗಿದೆ ಅನಿಸುತ್ತದೆ. ಅದೇ ಗಾಯಕಿ, ಅದೇ ಚಾಂಟ್ (ಚರ್ಚಿನಲ್ಲಿ ಗುಂಪಾಗಿ ಹಾಡುವಂತಹ ಪ್ರಾರ್ಥನೆ), ಆದರೂ ಯಾಕೆ ಹೀಗೆ? ಇಂತಹ ಹಾಡಿನ ರೀಮಿಕ್ಸ್‌ಗಳನ್ನು ಯಾವ ಲೆಕ್ಕದಲ್ಲಿ ಹೋಲಿಸಬೇಕು? ಇವುಗಳಲ್ಲಿ ಯಾವುದು ಒಳ್ಳೆಯದು?

ಉತ್ತರ: ನಿಮ್ಮ ಕಿವಿ ಸರಿಯಾಗಿಯೇ ಹೇಳುತ್ತಿದೆ. ಕಾಣೆಯಾಗಿರುವುದು ಏನು ಅಂತ ಮೊದಲೇ ಹೇಳಿಬಿಡುತ್ತೇನೆ: ದೂರ. ಮೂಲ ಹಾಡಿನಲ್ಲಿ ಲ್ಯಾಟಿನ್ ಚಾಂಟ್ ಎಲ್ಲೋ ಹಿಂದಿನಿಂದ ಕೇಳುತ್ತದೆ. ಗಾಯಕಿಯ ದನಿ ನಿಮ್ಮ ಕಿವಿಯ ಪಕ್ಕದಲ್ಲೇ ಇರುತ್ತದೆ. ಒಂದು ದೊಡ್ಡ ಕಟ್ಟಡದ ಆಚೆ ತುದಿಯಲ್ಲಿ ಜನ ಹಾಡುತ್ತಿದ್ದಾರೆ, ಈಚೆ ತುದಿಯಲ್ಲಿ ಒಬ್ಬಳು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಾಳೆ. ಇಬ್ಬರೂ ಒಬ್ಬರಿಗೊಬ್ಬರು ಉತ್ತರ ಕೊಡುವುದಿಲ್ಲ. ಆದರೂ ಇಬ್ಬರೂ ಒಂದೇ ಜಾಗದಲ್ಲಿದ್ದಾರೆ ಅಂತ ಕೇಳುವವರಿಗೆ ಗೊತ್ತಾಗುತ್ತದೆ. ಹಾಡಿನ ಮಜಾ ಇರುವುದು ಈ ಎರಡರ ನಡುವೆ ಖಾಲಿ ಬಿಟ್ಟ ಜಾಗದಲ್ಲಿ. ಡ್ಯಾನ್ಸ್ ರೀಮಿಕ್ಸ್ ಮಾಡಲು ಕೂತಾಗ ಎಲ್ಲಕ್ಕಿಂತ ಮೊದಲು ತುಂಬಿಹೋಗುವುದೂ ಅದೇ ಜಾಗ.

ಹಾಗಾಗಿ ಚಾಂಟ್ ಮತ್ತು ದನಿ ಎರಡೂ ಇರುವ ಹಾಡಿನ ರೀಮಿಕ್ಸ್‌ಗಳನ್ನು ನಾನು ಬೀಟ್ ನೋಡಿ ಹೋಲಿಸುವುದಿಲ್ಲ. ಆ ದೂರವನ್ನು ಇವರು ಏನು ಮಾಡಿದರು ಅಂತ ನೋಡುತ್ತೇನೆ. ಉಳಿಸಿಕೊಂಡರಾ? ಅಳಿಸಿಬಿಟ್ಟರಾ? ಅಥವಾ ಇನ್ನೊಂದು ರೂಪದಲ್ಲಿ ವಾಪಸ್ ತಂದರಾ? ಈ ಮೂರನೆಯದೇ ನಿಮ್ಮ ಗೆಳೆಯನ ವಾದಕ್ಕೂ ಉತ್ತರ, ಮುಂದೆ ಬರುತ್ತೇನೆ.

ಮೊದಲು ಹಾಡಿನ ಹಿನ್ನೆಲೆ ಸ್ವಲ್ಪ. ಡೆಲೀರಿಯಂ ಕೆನಡಾದ ವ್ಯಾಂಕೂವರ್‌ನ ತಂಡ. ಬಿಲ್ ಲೀಬ್ ಮತ್ತು ರೀಸ್ ಫುಲ್ಬರ್ ಇದರ ಹಿಂದಿದ್ದವರು. ಇಬ್ಬರೂ ಫ್ರಂಟ್ ಲೈನ್ ಅಸೆಂಬ್ಲಿ ಅನ್ನೋ ಗಡಸು ಇಂಡಸ್ಟ್ರಿಯಲ್ ಸಂಗೀತದ ತಂಡದವರು. 1997ರ ‘ಕರ್ಮ’ ಆಲ್ಬಂಗೆ ‘ಸೈಲೆನ್ಸ್’ ಮಾಡಿದರು. ಹಾಡಿದ್ದು ಸಾರಾ ಮೆಕ್‌ಲಾಕ್ಲನ್. ಆಕೆಯದೂ ಡೆಲೀರಿಯಂನದೂ ಒಂದೇ ಕಂಪನಿ, ನೆಟ್‌ವರ್ಕ್ ರೆಕಾರ್ಡ್ಸ್. ಹಾಡನ್ನು ಬರೆದಿದ್ದರಲ್ಲೂ ಆಕೆಯ ಪಾಲಿದೆ. ಸಿಂಗಲ್ ಆಗಿ ಬಂದಿದ್ದು 1999ರಲ್ಲಿ. 2000ದಲ್ಲಿ ರೀಮಿಕ್ಸ್‌ಗಳ ಬಲದ ಮೇಲೆ ಬ್ರಿಟನ್ನಿನ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. ಅಂದರೆ ಬಹಳಷ್ಟು ಜನ ಈ ಹಾಡನ್ನು ಮೊದಲು ಕೇಳಿದ್ದೇ ರೀಮಿಕ್ಸ್ ರೂಪದಲ್ಲಿ. ನಿಮ್ಮ ಗೆಳೆಯ ಟಿಯೆಸ್ಟೊದ್ದೇ ನಿಜವಾದ ಹಾಡು ಅನ್ನುವುದರಲ್ಲಿ ಆಶ್ಚರ್ಯ ಏನಿಲ್ಲ. ಮೊದಲು ಕಿವಿಗೆ ಬಿದ್ದಿದ್ದೇ ಮೂಲ ಅನಿಸುತ್ತದೆ, ಎಲ್ಲರಿಗೂ.

ಹೋಲಿಸೋಕೆ ಕೂರುವ ಮೊದಲು ಒಂದು ಕೆಲಸ ಮಾಡಿ, ಇದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ವ್ಯರ್ಥ. ನಾಲ್ಕರ ವಾಲ್ಯೂಮ್ ಸಮ ಮಾಡಿ. ನಮ್ಮ ಕಿವಿಗೆ ಒಂದು ದೌರ್ಬಲ್ಯ ಇದೆ. ಒಂದೇ ಹಾಡನ್ನು ಎರಡು ಸಲ ಹಾಕಿ, ಎರಡನೇ ಸಲ ಸ್ವಲ್ಪವೇ ಸ್ವಲ್ಪ ಜೋರಾಗಿ ಹಾಕಿದರೆ ಅದೇ ಚೆನ್ನಾಗಿದೆ ಅನಿಸುತ್ತದೆ. ಜೋರಾಗಿದೆ ಅಂತ ಗೊತ್ತೇ ಆಗುವುದಿಲ್ಲ, ‘ಸ್ಪಷ್ಟವಾಗಿದೆ’, ‘ತುಂಬಿಕೊಂಡಿದೆ’ ಅಂತ ಅನಿಸುತ್ತದೆ ಅಷ್ಟೇ. ತೊಂಬತ್ತರ ದಶಕದ ಕೊನೆಯಿಂದ ಮುಂದಿನ ಹತ್ತು ವರ್ಷ ಹಾಡುಗಳನ್ನು ಜಾಸ್ತಿ ಜಾಸ್ತಿ ಜೋರಾಗಿ ಮಾಸ್ಟರ್ ಮಾಡುವ (ಬಿಡುಗಡೆಗೆ ಮುಂಚೆ ಕೊನೆಯ ಸಲ ಸದ್ದು ಹದಗೊಳಿಸುವ) ಪೈಪೋಟಿಯೇ ನಡೆದಿತ್ತು. 1997ರ ಆಲ್ಬಂ ಹಾಡನ್ನೂ 2004ರ ಕ್ಲಬ್ ರೀಮಿಕ್ಸನ್ನೂ ಹಾಗೇ ಪಕ್ಕಪಕ್ಕದಲ್ಲಿ ಹಾಕಿದರೆ ಸ್ಪರ್ಧೆ ಶುರುವಾಗುವ ಮೊದಲೇ ಮುಗಿದಿರುತ್ತದೆ.

ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ವಾಲ್ಯೂಮ್ ಸಮ ಮಾಡುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ, ಆದರೆ ಅದೊಂದನ್ನೇ ನಂಬಬೇಡಿ. ಅದು ಇಡೀ ಹಾಡಿನ ಸರಾಸರಿ ನೋಡುತ್ತದೆ. ಕಿಕ್, ಅಂದರೆ ‘ಧಮ್’ ಅನ್ನೋ ದಪ್ಪ ಡ್ರಮ್ ಏಟು, ತುಂಬಿದ ಟ್ರ್ಯಾನ್ಸ್ (ಕ್ಲಬ್‌ಗಳ ವೇಗದ ಎಲೆಕ್ಟ್ರಾನಿಕ್ ಸಂಗೀತ) ಹಾಡಿನ ಸರಾಸರಿಯಲ್ಲಿ ಮಧ್ಯದ ಮೆಲ್ಲನೆಯ ಭಾಗ ಎಲ್ಲೋ ಮುಳುಗಿಹೋಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ ಅಂದರೆ ಗಾಯಕಿಯ ದನಿಯನ್ನೇ ಅಳತೆಗೋಲು ಮಾಡಿಕೊಳ್ಳುವುದು. ಪ್ರತಿ ರೀಮಿಕ್ಸ್‌ನಲ್ಲೂ ಡ್ರಮ್ಸ್ ನಿಂತು ದನಿ ಬಹುತೇಕ ಒಂಟಿಯಾಗಿ ಕೇಳುವ ಜಾಗ ಹುಡುಕಿ. ಅಲ್ಲಿ ಆಕೆ ಎಲ್ಲದರಲ್ಲೂ ಅಷ್ಟೇ ಜೋರಾಗಿ ಕೇಳುವ ಹಾಗೆ ವಾಲ್ಯೂಮ್ ಹೊಂದಿಸಿ. ಆಮೇಲೆ ಹೋಲಿಸಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಯಾಕೆಂದರೆ ನಾವು ಹುಡುಕುತ್ತಿರುವ ಹಿಂದೆ ಮುಂದೆ ಅನ್ನೋ ವ್ಯತ್ಯಾಸ ಫೋನಿನ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ.

ಈಗ ನಿಜವಾದ ವಿಷಯ. ನಿಧಾನದ ಹಾಡನ್ನು ವೇಗದ ಹಾಡು ಮಾಡುವಾಗ ದನಿಯನ್ನು ಏನು ಮಾಡಬೇಕು?

ಇದನ್ನು ಒಂದು ಲೆಕ್ಕದ ಮೂಲಕ ನೋಡೋಣ. ನಿಧಾನದ ಹಾಡೊಂದು ನಿಮಿಷಕ್ಕೆ 90 ಬೀಟ್ ಇದೆ ಅಂದುಕೊಳ್ಳಿ. ಟ್ರ್ಯಾನ್ಸ್ ಸಾಮಾನ್ಯವಾಗಿ 130ರಿಂದ 140ರ ನಡುವೆ ಓಡುತ್ತದೆ, ಲೆಕ್ಕ ಸುಲಭ ಆಗಲಿ ಅಂತ 135 ಇಟ್ಟುಕೊಳ್ಳೋಣ. ಮೂಲದಲ್ಲಿ ಗಾಯಕಿಯ ಒಂದು ಸಾಲು ಎರಡು ಬಾರ್ (ನಾಲ್ಕು ನಾಲ್ಕು ಬೀಟಿನ ಆವರ್ತ) ಹಿಡಿಯುತ್ತದೆ, ಅಂದರೆ 8 ಬೀಟ್. 90ರ ವೇಗದಲ್ಲಿ ಅದು ಸುಮಾರು 5.3 ಸೆಕೆಂಡ್. ಅದೇ 5.3 ಸೆಕೆಂಡ್ 135ರ ವೇಗದಲ್ಲಿ 12 ಬೀಟ್ ಆಗುತ್ತದೆ, ಸರಿಯಾಗಿ ಮೂರು ಬಾರ್. ತೊಂದರೆ ಇಲ್ಲೇ ಇರುವುದು. ಟ್ರ್ಯಾನ್ಸ್ ಸಂಗೀತ ನಾಲ್ಕು, ಎಂಟು, ಹದಿನಾರು ಬಾರ್‌ಗಳ ಲೆಕ್ಕದಲ್ಲಿ ನಡೆಯುತ್ತದೆ. ಮೂರು ಬಾರ್‌ನ ಸಾಲು ಅಲ್ಲಿ ಕೂರುವುದಿಲ್ಲ.

ರೀಮಿಕ್ಸ್ ಮಾಡುವವರ ಮುಂದೆ ಆಗ ಮೂರು ದಾರಿ. ಒಂದು, ಸಾಲನ್ನು ಎರಡು ಬಾರ್‌ಗೆ ಒತ್ತುವುದು. 5.3 ಸೆಕೆಂಡಿನ ಸಾಲು ಮೂರೂವರೆ ಸೆಕೆಂಡಿಗೆ ಇಳಿಯುತ್ತದೆ. ದನಿ ಓಡೋಡಿ ಬಂದು ಮಾತು ಮುಗಿಸಿದ ಹಾಗೆ ಕೇಳುತ್ತದೆ, ಉಸಿರು ಮಾಯ. ಎರಡು, ನಾಲ್ಕು ಬಾರ್‌ಗೆ ಎಳೆಯುವುದು. 7 ಸೆಕೆಂಡ್ ದಾಟುತ್ತದೆ. ಸ್ವರಗಳು ಉದ್ದವಾಗಿ ತೇಲುತ್ತವೆ, ಚೆನ್ನಾಗಿಯೂ ಕೇಳಬಹುದು. ಆದರೆ ಸಾಲಿನೊಳಗಿನ ಸಣ್ಣ ಕಂಪನ, ಜಾರು, ಪದದ ಕೊನೆಯಲ್ಲಿ ದನಿ ಒಡೆಯುವ ರೀತಿ ಎಲ್ಲ ಹಿಗ್ಗಿ ಬೇರೆಯವರ ದನಿಯ ಹಾಗೆ ಆಗಿಬಿಡುತ್ತದೆ. ಸದ್ದಿನ ತುಣುಕು ಹಿಡಿದಿಟ್ಟು ನುಡಿಸುವ ಹಳೆಯ ಸ್ಯಾಂಪ್ಲರ್‌ಗಳ ಟೈಮ್‌ಸ್ಟ್ರೆಚ್‌ನಲ್ಲಿ ಇದರ ಜೊತೆಗೆ ತಗಡಿನ ಸದ್ದೂ ಸೇರಿಕೊಳ್ಳುತ್ತಿತ್ತು.

ಮೂರನೆಯ ದಾರಿ ನನಗೆ ಇಷ್ಟ. ದನಿಯನ್ನು ಮುಟ್ಟದೆ ಅದರ ಪಾಡಿಗೆ ಮೂರು ಬಾರ್ ಹಾಡಲು ಬಿಡುವುದು, ನಾಲ್ಕನೆಯ ಬಾರ್ ಖಾಲಿ ಇಡುವುದು. ಆಕೆ ಹಾಡಿ ನಿಲ್ಲುತ್ತಾಳೆ. ನಾಲ್ಕು ಬೀಟ್ ಸುಮ್ನೆ ಹೋಗುತ್ತದೆ. ಆಮೇಲೆ ಮುಂದಿನ ಸಾಲು. ಕೇಳುವವರಿಗೆ ಆ ಖಾಲಿ ಬಾರ್ ಖಾಲಿ ಅನಿಸುವುದಿಲ್ಲ, ಕಾಯುವಿಕೆ ಅನಿಸುತ್ತದೆ. ಹಾಗೆ ಮಾಡಿದ ರೀಮಿಕ್ಸ್ ಕೇಳಿದಾಗ ಕೆಲಸ ಗೊತ್ತಿರುವವರ ಕೈ ಇದು ಅಂತ ನನಗೆ ತಕ್ಷಣ ಅನಿಸುತ್ತದೆ. ಪ್ರತಿ ಹಾಡಿನ ಲೆಕ್ಕ ಇಷ್ಟು ಸರಿಯಾಗಿ ಮೂರಕ್ಕೆ ಬೀಳುವುದಿಲ್ಲ, ವೇಗ ಸ್ವಲ್ಪ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದರೆ ಒತ್ತುವುದು, ಎಳೆಯುವುದು, ನಡುವೆ ಬಿಡುವುದು ಅನ್ನೋ ಮೂರು ದಾರಿ ಎಲ್ಲ ಕಡೆಯೂ ಇದ್ದೇ ಇರುತ್ತದೆ. ನಿಮ್ಮ ನಾಲ್ಕು ಆವೃತ್ತಿಗಳಲ್ಲಿ ಒಂದೇ ಸಾಲನ್ನು ಆರಿಸಿಕೊಂಡು, ಆ ಸಾಲಿಗೂ ಮುಂದಿನ ಸಾಲಿಗೂ ನಡುವೆ ಎಷ್ಟು ಬೀಟ್ ಹೋಗುತ್ತದೆ ಅಂತ ಬೆರಳಲ್ಲಿ ಎಣಿಸಿ ನೋಡಿ. ಯಾವ ದಾರಿ ಹಿಡಿದಿದ್ದಾರೆ ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.

ಇಷ್ಟೆಲ್ಲ ಗಾಯಕಿಯ ದನಿಯ ಮಾತಾಯಿತು. ಚಾಂಟ್‌ನ ಕಥೆಯೇ ಬೇರೆ, ಅದು ಇನ್ನೂ ಕಷ್ಟದ್ದು.

ಗ್ರೆಗೋರಿಯನ್, ಅಂದರೆ ಹಳೆಯ ಕ್ರೈಸ್ತ ಚರ್ಚಿನ, ಚಾಂಟ್‌ನಲ್ಲಿ ನಮಗೆ ಗೊತ್ತಿರುವ ಅರ್ಥದ ತಾಳ ಇಲ್ಲ. ಲ್ಯಾಟಿನ್ ಪದಗಳು ಹೇಗೆ ನಡೆಯುತ್ತವೋ ಹಾಡೂ ಹಾಗೇ ನಡೆಯುತ್ತದೆ. ವಾಕ್ಯ ಮುಗಿಯುವ ಕಡೆ ನಿಧಾನ ಆಗುತ್ತದೆ, ನಡುವೆ ಕೆಲವು ಸ್ವರ ಬೇಗ ಹೋಗುತ್ತವೆ. ಎಲ್ಲರೂ ಒಂದೇ ಸ್ವರಸಾಲನ್ನು ಒಟ್ಟಿಗೆ ಹಾಡುತ್ತಾರೆ, ಕೆಳಗೆ ಕಾರ್ಡ್ (ಒಟ್ಟಿಗೆ ನುಡಿಯುವ ಹಲವು ಸ್ವರಗಳ ಗುಚ್ಛ) ಇರುವುದಿಲ್ಲ. ಅದು ಹುಟ್ಟಿ ಬೆಳೆದಿದ್ದು ಕಲ್ಲಿನ ಚರ್ಚುಗಳಲ್ಲಿ. ಅಲ್ಲಿ ಒಂದು ಸ್ವರ ನಿಂತ ಮೇಲೂ ಕೆಲವು ಸೆಕೆಂಡ್ ಗಾಳಿಯಲ್ಲಿ ಉಳಿಯುತ್ತದೆ. ಹಾಡುವವರು ಆ ಉಳಿಕೆಯ ಜೊತೆ ಸೇರಿಸಿಯೇ ಹಾಡುತ್ತಾರೆ, ಅದು ಆರುವವರೆಗೆ ಕಾದು ಮುಂದಿನ ಸಾಲು ಎತ್ತುತ್ತಾರೆ.

ಇಂತಹದ್ದನ್ನು ಡ್ರಮ್ ಬೀಟ್ ಜೊತೆ ಕೂರಿಸಬಹುದು ಅಂತ ಇಡೀ ಜಗತ್ತಿಗೆ ತೋರಿಸಿದ್ದು 1990ರ ‘ಸೇಡ್‌ನೆಸ್’. ಎನಿಗ್ಮಾ ಹೆಸರಿನಲ್ಲಿ ಮೈಕಲ್ ಕ್ರೇಟು ಮಾಡಿದ ಹಾಡು. ಅದರಲ್ಲಿ ಚಾಂಟ್ ಹೊಸದಾಗಿ ಹಾಡಿಸಿದ್ದಲ್ಲ. ಕಪೆಲ್ಲಾ ಆಂಟಿಕ್ವಾ ಮ್ಯೂನ್‌ಶೆನ್ ಅನ್ನೋ ಜರ್ಮನ್ ಗಾಯಕರ ಗುಂಪು 1976ರಲ್ಲಿ ಮಾಡಿದ್ದ ರೆಕಾರ್ಡ್‌ನಿಂದ ತೆಗೆದಿದ್ದು. ಅನುಮತಿ ಕೇಳದೆ ಬಳಸಿದ್ದಕ್ಕೆ ಕೇಸ್ ಆಯಿತು, 1994ರಲ್ಲಿ ದುಡ್ಡು ಕೊಟ್ಟು ಇತ್ಯರ್ಥ ಮಾಡಿಕೊಂಡರು. ಕೋರ್ಟ್ ವಿಷಯ ಇಲ್ಲಿ ಮುಖ್ಯ ಅಲ್ಲ. ನಿಮ್ಮ ಪ್ರಶ್ನೆಗೆ ಬೇಕಾಗಿರುವುದು ಇಷ್ಟು: ರೆಕಾರ್ಡ್‌ನಿಂದ ಎತ್ತಿದ ಚಾಂಟ್ ಒಂಟಿಯಾಗಿ ಬರುವುದಿಲ್ಲ, ಬಸವನಹುಳು ಚಿಪ್ಪನ್ನು ಹೊತ್ತು ಬರುವ ಹಾಗೆ ಹಾಡಿದ ಕಟ್ಟಡವನ್ನೂ ಹೊತ್ತು ಬರುತ್ತದೆ. ಅದರ ಪ್ರತಿಧ್ವನಿ ಅದಕ್ಕೆ ಅಂಟಿಕೊಂಡಿರುತ್ತದೆ. ಕಿತ್ತು ತೆಗೆಯೋಕೆ ಆಗುವುದಿಲ್ಲ.

ಗಾಯಕಿಯ ದನಿ ಹಾಗಲ್ಲ. ಸ್ಟುಡಿಯೋದಲ್ಲಿ ಮೈಕಿಗೆ ಹತ್ತಿರ ನಿಂತು ಹಾಡಿದ್ದು, ಬೇರೆ ಟ್ರ್ಯಾಕ್‌ನಲ್ಲಿ ಇರುತ್ತದೆ. ಕಂಪನಿಯೇ ರೀಮಿಕ್ಸ್ ಮಾಡಿಸುವಾಗ ಆ ಟ್ರ್ಯಾಕನ್ನು ಹಾಗೇ ಕೊಡುತ್ತದೆ. ಅದಕ್ಕೆ ಬೇಕಾದ ರಿವರ್ಬ್ (ಕೃತಕ ಪ್ರತಿಧ್ವನಿ) ಹಾಕಬಹುದು, ಕತ್ತರಿಸಬಹುದು, ಹಿಂದೆ ಮುಂದೆ ಸರಿಸಬಹುದು. ಹಾಗಾಗಿಯೇ ಇಂತಹ ಹಾಡಿನ ಮುಕ್ಕಾಲು ಪಾಲು ರೀಮಿಕ್ಸ್‌ಗಳಲ್ಲಿ ದನಿಯ ಮೇಲೆ ಬಹಳ ಕೆಲಸ ನಡೆದಿರುತ್ತದೆ, ಚಾಂಟ್ ಮಾತ್ರ ಒಂದು ತುಣುಕಾಗಿ ಅಲ್ಲಲ್ಲಿ ಅಂಟಿಸಿದ ಹಾಗೆ ಕೇಳುತ್ತದೆ. ರೀಮಿಕ್ಸ್ ಮಾಡಿದವರು ಚಾಂಟನ್ನು ಇಷ್ಟಪಡಲಿಲ್ಲ ಅಂತಲ್ಲ. ಅದು ಅವರ ಕೈಗೆ ಬಗ್ಗುವುದಿಲ್ಲ.

ಬಗ್ಗಿಸಲು ಹೋದಾಗ ಏನಾಗುತ್ತದೆ ಅಂತ ಹತ್ತಿರದಿಂದ ನೋಡಿ. ಚಾಂಟ್‌ನ ಒಂದು ಸಾಲು ಮುಗಿದ ಮೇಲೆ ಅದರ ಪ್ರತಿಧ್ವನಿ 4 ಸೆಕೆಂಡ್ ಉಳಿಯುತ್ತದೆ ಅಂದುಕೊಳ್ಳಿ. ನಿಧಾನದ ಹಾಡಿನಲ್ಲಿ, ಬಾರ್‌ಗೆ ಎರಡು ಕಿಕ್ ಇದ್ದರೆ, ಆ 4 ಸೆಕೆಂಡಿನೊಳಗೆ ಮೂರು ಕಿಕ್ ಬೀಳುತ್ತದೆ. ಪ್ರತಿಧ್ವನಿ ಆರಾಮಾಗಿ ಆರಿಹೋಗುತ್ತದೆ, ಕಿವಿ ಅದನ್ನು ಕೊನೆಯವರೆಗೂ ಹಿಂಬಾಲಿಸುತ್ತದೆ. ಅದರಿಂದಲೇ ಅಲ್ವಾ ಜಾಗ ದೊಡ್ಡದು ಅಂತ ನಮಗೆ ಗೊತ್ತಾಗುವುದು? 135ರ ವೇಗದ ಟ್ರ್ಯಾನ್ಸ್‌ನಲ್ಲಿ ಪ್ರತಿ ಬೀಟಿಗೂ ಕಿಕ್. ಅದೇ 4 ಸೆಕೆಂಡಿನಲ್ಲಿ ಒಂಬತ್ತು ಕಿಕ್. ಎರಡನೆಯದೋ ಮೂರನೆಯದೋ ಕಿಕ್ ಬೀಳುವ ಹೊತ್ತಿಗೆ ಪ್ರತಿಧ್ವನಿಯ ಬಾಲ ಮುಚ್ಚಿಹೋಗಿರುತ್ತದೆ. ಚಾಂಟ್ ಅದೇ ಇದೆ, ಒಂದು ಸ್ವರವೂ ಬದಲಾಗಿಲ್ಲ, ಆದರೆ ಅದು ಎಷ್ಟು ದೂರದಲ್ಲಿದೆ ಅಂತ ಹೇಳುವ ಸುಳಿವು ಕೇಳಿಸುತ್ತಿಲ್ಲ. ಹಾಗಾಗಿ ಚಾಂಟ್ ಮುಂದಕ್ಕೆ ಬಂದು ದನಿಯ ಪಕ್ಕದಲ್ಲೇ ನಿಂತುಬಿಡುತ್ತದೆ. ‘ಅದೇ ಚಾಂಟ್, ಆದರೂ ಯಾಕೆ ಹೀಗೆ?’ ಅಂತ ಕೇಳಿದಿರಲ್ಲ, ಅದಕ್ಕೆ ದೊಡ್ಡ ಕಾರಣ ಇದು.

ಇದರ ಮೇಲೆ ಇನ್ನೊಂದು. ಕಿಕ್ ಮತ್ತು ಬೇಸ್ ಗಟ್ಟಿಯಾಗಿ ಕೇಳಬೇಕು ಅಂದರೆ ಕೆಳಗಿನ ಸ್ವರಗಳ ಜಾಗ ಖಾಲಿ ಇರಬೇಕು. ಆದ್ದರಿಂದ ಫಿಲ್ಟರ್ ಹಾಕಿ ಚಾಂಟ್‌ನ ಕೆಳಭಾಗ ಕತ್ತರಿಸುತ್ತಾರೆ. ಗುಂಪಿನ ದನಿಯ ಎದೆ ಇರುವುದೇ ಅಲ್ಲಿ. ಕತ್ತರಿಸಿದ ಮೇಲೆ ಉಳಿಯುವುದು ಹಳೆಯ ಟೆಲಿಫೋನಿನಲ್ಲಿ ಕೇಳುವಂತಹ ತೆಳು ದನಿ. ಆಮೇಲಿನ ವರ್ಷಗಳ ರೀಮಿಕ್ಸ್‌ಗಳಲ್ಲಿ ಸೈಡ್‌ಚೈನ್ ಅನ್ನೋ ತಂತ್ರವೂ ಜಾಸ್ತಿಯಾಯಿತು. ಕಿಕ್ ಬಿದ್ದಾಗಲೆಲ್ಲ ಉಳಿದ ಸದ್ದು ತಾನಾಗಿಯೇ ತಗ್ಗಿ ಮತ್ತೆ ಏಳುತ್ತದೆ. ಸಿಂಥ್‌ಗೆ (ಎಲೆಕ್ಟ್ರಾನಿಕ್ ಕೀಬೋರ್ಡ್ ಸದ್ದಿಗೆ) ಹಾಕಿದರೆ ಅದು ಉಸಿರಾಡಿದ ಹಾಗೆ ಚೆನ್ನಾಗಿ ಕೇಳುತ್ತದೆ. ಚಾಂಟ್‌ಗೆ ಹಾಕಿದರೆ ನನಗೆ ಸಹಿಸೋಕೆ ಆಗುವುದಿಲ್ಲ. ಒಂದೇ ಉಸಿರಿನಲ್ಲಿ ಹಾಡಿದ್ದನ್ನು ನಿಮಿಷಕ್ಕೆ ನೂರು ಸಲ ಬಾಯಿ ಮುಚ್ಚಿಸಿದ ಹಾಗೆ ಅದು.

ಕಾರ್ಡ್‌ಗಳ ವಿಷಯವನ್ನೂ ಹೇಳಿಬಿಡುತ್ತೇನೆ, ಇದನ್ನು ಗಮನಿಸುವವರು ಕಡಿಮೆ. ಚಾಂಟ್‌ನ ಒಂದು ಸ್ವರ, ‘ಸಿ’ ಅಂತ ಇಟ್ಟುಕೊಳ್ಳಿ, ತಾನೇ ತಾನಾಗಿ ನಿಂತಿದೆ. ಅದರ ಕೆಳಗೆ ಸಿ ಮೇಜರ್ ಕಾರ್ಡ್ ಹಾಕಿದರೆ ಅದು ಮನೆ ಮುಟ್ಟಿದ ಹಾಗೆ ಕೇಳುತ್ತದೆ. ಎ ಮೈನರ್ ಹಾಕಿದರೆ ಅದೇ ಸ್ವರಕ್ಕೆ ದುಃಖದ ಬಣ್ಣ ಬರುತ್ತದೆ. ಎಫ್ ಮೇಜರ್ ಹಾಕಿದರೆ ಮೇಲಕ್ಕೆ ತೆರೆದುಕೊಂಡ ಹಾಗೆ ಅನಿಸುತ್ತದೆ. ಟ್ರ್ಯಾನ್ಸ್ ರೀಮಿಕ್ಸ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಕಾರ್ಡ್‌ಗಳ ಸುತ್ತು ಇರುತ್ತದೆ, ಅದು ತಿರುಗುತ್ತಲೇ ಇರುತ್ತದೆ. ಚಾಂಟ್‌ಗೆ ಕೊನೆಗೆ ಬಂದು ನಿಲ್ಲುವ ಒಂದು ಸ್ವರ ಇದೆ. ಸುತ್ತಿಗೆ ನಿಲ್ಲುವ ಜಾಗ ಇಲ್ಲ. ಎರಡನ್ನೂ ಒಟ್ಟಿಗೆ ಹಾಕಿದಾಗ ಚಾಂಟ್‌ನ ಸಮಾಧಾನ ಹೋಗಿ ಅದರ ಜಾಗದಲ್ಲಿ ಹಂಬಲ ಬರುತ್ತದೆ. ಇದು ತಪ್ಪು ಅಂತ ನಾನು ಹೇಳುವುದಿಲ್ಲ. ನಿಮ್ಮ ಗೆಳೆಯನಿಗೆ ರೀಮಿಕ್ಸ್‌ನಲ್ಲಿ ಸಿಗುವ ಏರಿಕೆ ಬಹುಪಾಲು ಅಲ್ಲಿಂದಲೇ ಬರುತ್ತಿರಬಹುದು. ಆದರೆ ಅದು ಬೇರೆಯದೇ ಭಾವ ಅಂತ ತಿಳಿದು ಕೇಳಬೇಕು.

ಹಾಗಾದರೆ ಡ್ಯಾನ್ಸ್ ರೀಮಿಕ್ಸ್ ಮಾಡಿದರೆ ಆ ದೂರ ಹೋಗೇ ಹೋಗುತ್ತದಾ? ಇಲ್ಲ. ಹಿಂದೆ ಮುಂದೆ ಅನ್ನೋ ದೂರ ಹೋಗುತ್ತದೆ, ನಿಜ. ಅದನ್ನು ಹೊತ್ತಿನ ದೂರವಾಗಿ ವಾಪಸ್ ತರಬಹುದು. ಚಾಂಟ್ ಮತ್ತು ದನಿ ಒಟ್ಟಿಗೆ ಕೇಳದೆ, ಒಂದಾದ ಮೇಲೆ ಒಂದು, ನಡುವೆ ಬಹಳ ಹೊತ್ತು ಬಿಟ್ಟು ಬರುವ ಹಾಗೆ ಮಾಡಬಹುದು. ಮೂಲದಲ್ಲಿ ನೀವು ದೂರ ನೋಡುತ್ತೀರಿ. ಒಳ್ಳೆಯ ರೀಮಿಕ್ಸ್‌ನಲ್ಲಿ ನೀವು ಕಾಯುತ್ತೀರಿ. ಎರಡೂ ಕಡೆ ಜಾಗ ಇದೆ.

ಟಿಯೆಸ್ಟೊ ರೀಮಿಕ್ಸ್ ನನಗೆ ಒಳ್ಳೆಯದು ಅನಿಸುವುದು ಈ ಕಾರಣಕ್ಕೆ. ಅದರ ಪೂರ್ತಿ ಹೆಸರಿನಲ್ಲಿ ‘ಇನ್ ಸರ್ಚ್ ಆಫ್ ಸನ್‌ರೈಸ್’ ಅಂತ ಇದೆ, ಆತ ಆಗ ಶುರು ಮಾಡಿದ್ದ ಮಿಕ್ಸ್ ಆಲ್ಬಂಗಳ ಸರಣಿಯ ಹೆಸರೂ ಅದೇ. 2000ದಲ್ಲಿ ಆತನ ‘ಸಮ್ಮರ್‌ಬ್ರೀಜ್’ ಮಿಕ್ಸ್‌ನಲ್ಲೂ ಇದು ಸೇರಿತು. ಪೂರ್ತಿ ಆವೃತ್ತಿ 11 ನಿಮಿಷ ದಾಟುತ್ತದೆ. ಮೂಲ ಹಾಡು ಆರೂವರೆ ನಿಮಿಷದ ಆಸುಪಾಸು. ಅಂದರೆ ವೇಗ ಜಾಸ್ತಿ ಮಾಡಿದ ಹಾಡು ಉದ್ದವೂ ಆಗಿದೆ. ಇದರಲ್ಲಿ ಒಂದು ಪಾಲು ಡಿಜೆಗಳ ಅನುಕೂಲಕ್ಕೆ: ಮುಂಚಿನ ಹಾಡಿನ ಮೇಲೆ ಇದನ್ನು ಬೆರೆಸಲು ಶುರುವಿನಲ್ಲೂ ಕೊನೆಯಲ್ಲೂ ಬರೀ ತಾಳದ ಭಾಗ ಬೇಕು. ಮನೆಯಲ್ಲಿ ಕೂತು ಕೇಳುವವರು ‘ಹಾಡು ಶುರುವೇ ಆಗುತ್ತಿಲ್ಲ’ ಅಂತ ಬೇಜಾರಾಗುವುದು ಇಲ್ಲೇ. ಆದರೆ ಉಳಿದ ಹೊತ್ತೆಲ್ಲ ಕಾಯಿಸೋಕೆ ಬಳಕೆಯಾಗಿದೆ. ತಾಳ ಕಟ್ಟುತ್ತಾ ಹೋಗುತ್ತದೆ, ಪದರ ಪದರವಾಗಿ ಸಿಂಥ್ ಸೇರುತ್ತದೆ, ಸಾರಾ ಅವರ ದನಿ ಪೂರ್ತಿ ಬರುವ ಹೊತ್ತಿಗೆ ಅದಕ್ಕಾಗಿ ನೀವು ಹಾತೊರೆಯುತ್ತಿರುತ್ತೀರಿ. ಮಧ್ಯದಲ್ಲಿ ಕಿಕ್ ನಿಂತಾಗ ಅಷ್ಟು ಹೊತ್ತು ಮುಚ್ಚಿಹೋಗಿದ್ದ ಗಾಳಿ ಒಮ್ಮೆಗೇ ಬಿಚ್ಚಿಕೊಳ್ಳುತ್ತದೆ. ಆ ಬ್ರೇಕ್‌ಡೌನ್‌ಗೆ ಅಷ್ಟು ಬಲ ಬರುವುದು ಅದಕ್ಕಿಂತ ಮುಂಚಿನ ನಿಮಿಷಗಳಿಂದ.

ಅದಕ್ಕೇ ಇದೇ ರೀಮಿಕ್ಸ್‌ನ ಚಿಕ್ಕ ರೇಡಿಯೋ ಎಡಿಟ್ ಕೇಳಿ ತೀರ್ಪು ಕೊಡಬೇಡಿ. ನೀವು ಕೇಳಿದ್ದೂ ಅದೇ ಇರಬಹುದು, ಒಮ್ಮೆ ಎಷ್ಟು ನಿಮಿಷದ್ದು ಅಂತ ನೋಡಿಕೊಳ್ಳಿ. ಎಡಿಟ್‌ನಲ್ಲಿ ಕಾಯುವ ಹೊತ್ತನ್ನೇ ಕತ್ತರಿಸಿರುತ್ತಾರೆ. ಮೂಲದ ದೂರ ಮೊದಲೇ ಹೋಗಿತ್ತು, ರೀಮಿಕ್ಸ್ ಅದರ ಬದಲಿಗೆ ಕೊಟ್ಟಿದ್ದೂ ಈಗ ಹೋಯಿತು. ಉಳಿಯುವುದು ಒಂದು ಒಳ್ಳೆಯ ದನಿ, ಒಂದು ಒಳ್ಳೆಯ ಬೀಟ್. ಏನೋ ಕಾಣೆಯಾಗಿದೆ ಅಂತ ಅನಿಸದೆ ಇನ್ನೇನು?

ಏರ್‌ಸ್ಕೇಪ್ ಅಂದರೆ ಯೋಹಾನ್ ಗೀಲೆನ್ ಮತ್ತು ಸ್ವೆನ್ಸನ್ ಅವರ ಟ್ರ್ಯಾನ್ಸ್ ತಂಡ. ಅವರ ರೀಮಿಕ್ಸ್ ಹೆಚ್ಚು ನೇರ, ಕಾಯಿಸುವುದು ಕಡಿಮೆ. ಸಿಂಥ್‌ನ ರಾಗಸಾಲು ಮುಂದೆ ನಿಂತು ಹಾಡನ್ನು ಎಳೆದುಕೊಂಡು ಹೋಗುತ್ತದೆ. ಕುಣಿಯುವವರಿಗೆ ಇದು ಬೇಗ ಹಿಡಿಸುತ್ತದೆ. ಆದರೆ ಗಾಯಕಿಯ ದನಿ, ಚಾಂಟ್ ಎರಡೂ ಇದ್ದಲ್ಲಿ ಮೂರನೆಯವರೊಬ್ಬರು ಬಂದು ಜಾಸ್ತಿ ಮಾತಾಡಿದ ಹಾಗೆ ನನಗೆ ಅನಿಸುತ್ತದೆ. ಅಬವ್ ಅಂಡ್ ಬಿಯಾಂಡ್ ಅವರ 2004ರದ್ದು ‘21ನೇ ಶತಮಾನದ ರೀಮಿಕ್ಸ್’ ಅಂತಲೇ ಹೆಸರಿಟ್ಟುಕೊಂಡು ಬಂತು. ಸದ್ದು ನಯವಾಗಿದೆ, ಅಚ್ಚುಕಟ್ಟಾಗಿದೆ. ನಾನು ಅದನ್ನು ಮೂರನೆಯ ಸ್ಥಾನದಲ್ಲಿ ಇಡುತ್ತೇನೆ, ಏರ್‌ಸ್ಕೇಪ್‌ಗಿಂತ ಒಂದು ಕೂದಲು ಮುಂದೆ.

ನೀವು ಕೇಳಿಲ್ಲದಿದ್ದರೂ ಒಂದು ಮಾತು ಸೇರಿಸಬೇಕು. ಬೀಟ್ ಇದ್ದರೆ ದೂರ ಹೋಗುತ್ತದೆ ಅಂತ ತಿಳಿದ ಮೇಲೆ, ಬೀಟ್ ಇಲ್ಲದ ಆ್ಯಂಬಿಯೆಂಟ್ ರೀಮಿಕ್ಸ್‌ಗಳೇ ಮೂಲಕ್ಕೆ ಹತ್ತಿರ ಅಂದುಕೊಳ್ಳುವವರು ಇದ್ದಾರೆ. ಬಹಳ ಸಲ ಅದೂ ಸುಳ್ಳಾಗುತ್ತದೆ. ಅಂತಹ ರೀಮಿಕ್ಸ್‌ಗಳಲ್ಲಿ ಎಲ್ಲಕ್ಕೂ ಧಾರಾಳವಾಗಿ ರಿವರ್ಬ್ ಸುರಿದಿರುತ್ತಾರೆ. ಆಗ ಗಾಯಕಿಯ ದನಿಯೂ ಹಿಂದಕ್ಕೆ ಹೋಗಿ ಚಾಂಟ್ ಜೊತೆ ಬೆರೆತುಹೋಗುತ್ತದೆ. ಟ್ರ್ಯಾನ್ಸ್‌ನಲ್ಲಿ ಎರಡೂ ಹತ್ತಿರ ಬಂದವು, ಇಲ್ಲಿ ಎರಡೂ ದೂರ ಹೋದವು. ನಡುವಿನ ಅಂತರ ಎರಡೂ ಕಡೆ ಇಲ್ಲ. ಹತ್ತಿರದಲ್ಲಿ ಒಂದು ಗಟ್ಟಿಯಾಗಿ ಇದ್ದರೆ ಮಾತ್ರ ಇನ್ನೊಂದು ದೂರ ಇದೆ ಅಂತ ಗೊತ್ತಾಗುವುದು. ದನಿಯ ‘ಸ’, ‘ತ’ಗಳು ಚುರುಕಾಗಿ, ಒಣಗಿದ ಹಾಗೆ ಕೇಳುತ್ತಿವೆಯಾ ಅಂತ ಗಮನಿಸಿ. ಅವು ಮಬ್ಬಾಗಿದ್ದರೆ ದನಿ ಹಿಂದೆ ಹೋಗಿದೆ ಅಂತಲೇ ಅರ್ಥ.

ಈಗೀಗ ಯಾರು ಬೇಕಾದರೂ ಸಾಫ್ಟ್‌ವೇರ್‌ನಿಂದ ಹಾಡಿನ ದನಿ ಬೇರೆ ಮಾಡಿ ತಮ್ಮದೇ ರೀಮಿಕ್ಸ್ ಹಾಕುತ್ತಾರೆ. ಮಾಮೂಲಿ ಹಾಡುಗಳಲ್ಲಿ ಅದು ಚೆನ್ನಾಗಿಯೇ ಆಗುತ್ತದೆ. ಈ ಜಾತಿಯ ಹಾಡುಗಳಲ್ಲಿ ಕೈಕೊಡುತ್ತದೆ. ಸಾಫ್ಟ್‌ವೇರ್‌ಗೆ ಚಾಂಟ್ ಕೂಡ ದನಿಯೇ, ಗಾಯಕಿಯದೂ ದನಿಯೇ. ಎರಡೂ ಒಂದೇ ಟ್ರ್ಯಾಕ್‌ಗೆ ಬಂದು ಬೀಳುತ್ತವೆ, ಪ್ರತಿಧ್ವನಿಯ ಬಾಲ ಅರ್ಧ ಇಲ್ಲಿ ಅರ್ಧ ಅಲ್ಲಿ ಹರಿದುಹೋಗುತ್ತದೆ. ಅಂತಹ ಫೈಲ್‌ನಿಂದ ಮಾಡಿದ್ದನ್ನು ಕಂಪನಿ ಮಾಡಿಸಿದ ರೀಮಿಕ್ಸ್ ಜೊತೆ ಹೋಲಿಸುವುದು ನ್ಯಾಯ ಅಲ್ಲ. ದನಿಯ ಸುತ್ತ ನೀರು ಗುಳುಗುಳು ಅಂದ ಹಾಗೆ ಕೇಳಿದರೆ ಅಂತಹದ್ದು ಅಂತ ತಿಳಿದುಕೊಳ್ಳಿ.

ಕೊನೆಗೆ ನಿಮ್ಮ ನೇರ ಪ್ರಶ್ನೆಗೆ ನೇರ ಉತ್ತರ. ಹಾಡಾಗಿ ಮೂಲವೇ ಮೇಲು, ನನಗೆ ಇದರಲ್ಲಿ ಅನುಮಾನ ಇಲ್ಲ. ಚಾಂಟ್ ಮತ್ತು ದನಿಯ ಅಂತರ ಅಷ್ಟು ಚೆನ್ನಾಗಿ ಬೇರೆ ಯಾವುದರಲ್ಲೂ ಕೂತಿಲ್ಲ. ರೀಮಿಕ್ಸ್ ಆಗಿ ಟಿಯೆಸ್ಟೊ ಮಾಡಿದ್ದು ಮೇಲು, ಆದರೆ 11 ನಿಮಿಷದ್ದು ಮಾತ್ರ. ನೀವೂ ನಿಮ್ಮ ಗೆಳೆಯನೂ ಒಟ್ಟಿಗೆ ಕೂತು ಕೇಳುವುದಾದರೆ ಮೂಲವನ್ನು ಮೊದಲು ಹಾಕಬೇಡಿ. ಟಿಯೆಸ್ಟೊ ಪೂರ್ತಿ ಆವೃತ್ತಿಯಿಂದ ಶುರು ಮಾಡಿ, ಮಧ್ಯದಲ್ಲಿ ಮುಂದಕ್ಕೆ ಓಡಿಸದೆ ಕೊನೆಯವರೆಗೂ ಕೇಳಿ. ಮೂಲದಿಂದ ಶುರು ಮಾಡಿದರೆ ಆಮೇಲೆ ಬರುವ ಬೀಟ್ ಗದ್ದಲ ಅನಿಸುತ್ತದೆ, ರೀಮಿಕ್ಸ್‌ಗೆ ಅನ್ಯಾಯ ಆಗುತ್ತದೆ. ರೀಮಿಕ್ಸ್ ಮುಗಿದ ಮೇಲೆ ಎರಡು ನಿಮಿಷ ಏನೂ ಹಾಕದೆ ಕಿವಿಗೆ ಬಿಡುವು ಕೊಡಿ, ಆಮೇಲೆ ಮೂಲ ಹಾಕಿ. ಅದರಲ್ಲಿ ಚಾಂಟ್ ಮೊದಲ ಸಲ ಬಂದಾಗ ಅದು ಎಲ್ಲಿಂದ ಬರುತ್ತಿದೆ ಅನಿಸಿತು ಅಂತ ಗೆಳೆಯನನ್ನು ಕೇಳಿ. ಯಾವುದು ಇಷ್ಟ ಅಂತ ಆಮೇಲೆ ಕೇಳಿದರೆ ಸಾಕು.